ಗೋಡೆಗೆ ತೂತು ಹೊಡೆಯುವ ಮುಂಚೆ: ಕಲಬುರಗಿ ಕಡೆಯ ಮನೆಗಳಿಗಾಗಿ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಹೊಸ ಟಿವಿ ಬಂದರೂ, ಕನ್ನಡಿ ಬಂದರೂ, ನೀರಿನ ಫಿಲ್ಟರ್ ಬಂದರೂ ಮೊದಲು ಹುಟ್ಟುವ ಪ್ರಶ್ನೆ ಒಂದೇ: ಎಲ್ಲಿ ತೂತು ಹೊಡೆಯೋದು? ನಮ್ಮ ಕಡೆ ಇದಕ್ಕೆ ಒಂದೇ ಉತ್ತರ ಇಲ್ಲ. ಒಂದೇ ಓಣಿಯಲ್ಲಿ ಕಲ್ಲು-ಮಣ್ಣಿನ ಹಳೇ ಮನೆ ಇರುತ್ತದೆ, ಪಕ್ಕದಲ್ಲಿ ಇಟ್ಟಿಗೆ ಮನೆ, ಎದುರಿಗೆ ಸಿಮೆಂಟ್ ಬ್ಲಾಕಿನ ಮೂರಂತಸ್ತು. ಒಬ್ಬರ ಮನೆಯಲ್ಲಿ ಗಟ್ಟಿಯಾಗಿ ನಿಂತ ಸ್ಕ್ರೂ ಇನ್ನೊಬ್ಬರ ಮನೆಯಲ್ಲಿ ಗಿಲಾವು ಸಮೇತ ಕಿತ್ತು ಬರುತ್ತದೆ. ಹಾಗಾಗಿ ಜಾಗ ಹುಡುಕುವ ಮೊದಲು ಗೋಡೆ ಯಾವುದು ಅಂತ ತಿಳಿಯಬೇಕು. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಒಂದು ಆಯಸ್ಕಾಂತ, ಮೊಬೈಲ್ ಟಾರ್ಚ್, ಅಳತೆ ಟೇಪ್, ಪೆನ್ಸಿಲ್ ಮತ್ತು ನಿಮ್ಮ ಕಿವಿ ಸಾಕು.

ವೀಡಿಯೋಗಳಲ್ಲಿ "16 ಇಂಚಿಗೊಂದು ಸ್ಟಡ್ ಹುಡುಕಿ" ಅಂತಾರೆ. ನಮ್ಮ ಮನೆಯಲ್ಲಿ ಎಷ್ಟು ತಟ್ಟಿದರೂ ಸಿಗುತ್ತಿಲ್ಲ. ಯಾಕೆ?

ಇಲ್ಲದ್ದು ಹೇಗೆ ಸಿಗುತ್ತದೆ? ಆ ವೀಡಿಯೋಗಳು ಹೆಚ್ಚಾಗಿ ಅಮೆರಿಕದ ಮನೆಗಳವು. ಅಲ್ಲಿ ಮರದ ಉದ್ದನೆಯ ತುಂಡುಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ತೆಳ್ಳನೆಯ ಜಿಪ್ಸಮ್ ಹಲಗೆ ಬಡಿಯುತ್ತಾರೆ. ಆ ಮರದ ತುಂಡುಗಳೇ ಸ್ಟಡ್. ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 16 ಇಂಚು, ಕೆಲವು ಕಡೆ 24 ಇಂಚು. ಹಲಗೆ ಭಾರ ಹೊರುವುದಿಲ್ಲ, ಮರ ಹೊರುತ್ತದೆ. ಅದಕ್ಕೇ ಅವರು ಹುಡುಕುತ್ತಾರೆ.

ನಮ್ಮ ಗೋಡೆ ಕಲ್ಲು, ಇಟ್ಟಿಗೆ ಅಥವಾ ಬ್ಲಾಕಿನದು. ಗೋಡೆಯೇ ಭಾರ ಹೊರುತ್ತದೆ. ಆದರೂ ಗೋಡೆಯ ಎಲ್ಲ ಜಾಗವೂ ಸಮ ಅಲ್ಲ. ಕಲ್ಲು ಬೇರೆ, ಎರಡು ಕಲ್ಲಿನ ನಡುವಿನ ಸಂದು ಬೇರೆ. ಬ್ಲಾಕಿನ ಗಟ್ಟಿ ಭಾಗ ಬೇರೆ, ಪೊಳ್ಳು ಭಾಗ ಬೇರೆ. ನಾವು ಹುಡುಕಬೇಕಾದದ್ದು ಅದನ್ನು.

ಸ್ಟಡ್ ನಿಜವಾಗಿ ಇರುವ ಗೋಡೆ ನಮ್ಮಲ್ಲೂ ಬಂದಿದೆ. ಅಂಗಡಿ, ಕ್ಲಿನಿಕ್, ಆಫೀಸು, ಕೆಲವು ಹೊಸ ಫ್ಲ್ಯಾಟ್‌ಗಳಲ್ಲಿ ಕೋಣೆ ಬೇರ್ಪಡಿಸಲು ಹಾಕುವ ಜಿಪ್ಸಮ್ ಪಾರ್ಟಿಷನ್. ಅದರ ವಿಚಾರ ಕೆಳಗೆ ಬೇರೆಯಾಗಿ ಇದೆ.

ನಮ್ಮ ಗೋಡೆ ಯಾವುದರದು ಅಂತ ಬಣ್ಣದ ಮೇಲಿಂದ ಹೇಗೆ ತಿಳಿಯೋದು?

ಮೊದಲು ದಪ್ಪ ಅಳೆಯಿರಿ. ಬಾಗಿಲು ಅಥವಾ ಕಿಟಕಿಯ ಹತ್ತಿರ ನಿಂತು ಗೋಡೆಯ ಒಳಬದಿಯಿಂದ ಹೊರಬದಿಗೆ ಟೇಪ್ ಹಿಡಿಯಿರಿ. ಇದೊಂದೇ ಅಳತೆ ಅರ್ಧ ಉತ್ತರ ಕೊಡುತ್ತದೆ.

ಒಂದೂವರೆ ಅಡಿ, ಎರಡಡಿ ಅಥವಾ ಇನ್ನೂ ಜಾಸ್ತಿ ಬಂತು ಅಂದರೆ ಹಳೇ ಕಲ್ಲಿನ ಗೋಡೆ. ಕಲಬುರಗಿಯ ಬ್ರಹ್ಮಪುರ, ಶಹಾಬಜಾರದ ಹಳೇ ಮನೆಗಳಲ್ಲಿ, ಬೀದರ್‌ನ ಚೌಬಾರಾ ಸುತ್ತಲಿನ ಓಣಿಗಳಲ್ಲಿ, ಹಳ್ಳಿಯ ಮಾಳಿಗೆ ಮನೆಗಳಲ್ಲಿ ಇಂಥವು ಸಾಕಷ್ಟಿವೆ. ಗೋಡೆಯಲ್ಲೇ ಗೂಡುಗಳಿದ್ದರೆ ಅನುಮಾನವೇ ಬೇಡ. ಗಿಲಾವು ಸೇರಿ 10 ಇಂಚಿನ ಆಸುಪಾಸು ಬಂದರೆ 9 ಇಂಚಿನ ಇಟ್ಟಿಗೆ ಗೋಡೆ, ಇಲ್ಲವೇ 8 ಇಂಚಿನ ಬ್ಲಾಕು. 5-6 ಇಂಚು ಬಂದರೆ ನಾಲ್ಕೂವರೆ ಇಂಚಿನ ಇಟ್ಟಿಗೆ ಅಥವಾ 4 ಇಂಚಿನ ಬ್ಲಾಕಿನ ಅಡ್ಡಗೋಡೆ. 3-4 ಇಂಚು ಮಾತ್ರ ಇದ್ದು, ತಟ್ಟಿದರೆ ಡಬಡಬ ಅಂದರೆ ಜಿಪ್ಸಮ್ ಅಥವಾ ಪ್ಲೈವುಡ್ ಪಾರ್ಟಿಷನ್.

ಆಮೇಲೆ ಬೆತ್ತಲೆ ಗೋಡೆ ಎಲ್ಲಿ ಕಾಣುತ್ತದೆ ನೋಡಿ. ಮಾಳಿಗೆ ಮೇಲಿನ ಕೈಗೋಡೆ, ನೀರಿನ ಟ್ಯಾಂಕಿನ ಕೆಳಗೆ, ಮೀಟರ್ ಪೆಟ್ಟಿಗೆಯ ಹಿಂದೆ, ಮೆಟ್ಟಿಲ ಅಡಿ, ಮನೆಯ ಹಿಂಬದಿ. ಗಿಲಾವು ಮಾಡದೆ ಬಿಟ್ಟ ಜಾಗ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಸ್ವಿಚ್ ಬೋರ್ಡಿನ ಮುಚ್ಚಳ ಬಿಚ್ಚಿ ಡಬ್ಬಿಯ ಅಂಚಿನಲ್ಲಿ ನೋಡಿದರೂ ಇಟ್ಟಿಗೆ ಕೆಂಪೋ ಬ್ಲಾಕಿನ ಬೂದಿಯೋ ಕಾಣುತ್ತದೆ. ಮೇನ್ ಸ್ವಿಚ್ ಆರಿಸಿಯೇ ಬಿಚ್ಚಿ.

ಮನೆ ಕಟ್ಟಿದ ಗೌಂಡಿ ಊರಲ್ಲೇ ಇದ್ದರೆ ಅವರಿಗೆ ಒಂದು ಫೋನ್ ಮಾಡಿ. "ಕಾಕಾ, ಒಳಗಿನ ಅಡ್ಡಗೋಡೆಗೆ ಏನು ಹಾಕಿದ್ರಿ?" ಅಂತ ಕೇಳಿದರೆ ಎಷ್ಟೋ ವರ್ಷದ ಮೇಲೂ ನೆನಪಿಟ್ಟು ಹೇಳುತ್ತಾರೆ.

ತಟ್ಟಿ ನೋಡೋದು ಅಂತಾರಲ್ಲ, ಹೇಗೆ ತಟ್ಟಬೇಕು? ನನಗೆ ಎಲ್ಲಾ ಕಡೆ ಒಂದೇ ಸದ್ದು ಕೇಳಿಸುತ್ತದೆ.

ಅಂಗೈಯಿಂದ ತಟ್ಟಬೇಡಿ. ಬೆರಳ ಗಂಟಿನಿಂದ ಅಥವಾ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಫ್ಯಾನ್ ಆರಿಸಿ, ಟಿವಿ ನಿಲ್ಲಿಸಿ. ಒಂದು ಕಿವಿಯನ್ನು ಗೋಡೆಗೆ ಆನಿಸಿದರೆ ಇನ್ನೂ ಚೆನ್ನ. ಒಂದು ಜಾಗದಲ್ಲಿ ಹತ್ತು ಸಲ ತಟ್ಟುವುದಕ್ಕಿಂತ, ಅಡ್ಡ ಸಾಲಿನಲ್ಲಿ ಎರಡೆರಡು ಇಂಚಿಗೆ ಒಂದು ಸಲ ತಟ್ಟುತ್ತಾ ಹೋಗಿ. ಕಿವಿಗೆ ಬೇಕಾದದ್ದು ಸದ್ದಿನ ಬದಲಾವಣೆ.

ಕಲ್ಲು, ಇಟ್ಟಿಗೆ, ಪಿಲ್ಲರಿನ ಮೇಲೆ ಸದ್ದು ಚಿಕ್ಕದು, ಗಟ್ಟಿ. ಬೆರಳು ನೋಯುತ್ತದೆ. ಪೊಳ್ಳಿನ ಮೇಲೆ ಸದ್ದು ದೊಡ್ಡದಾಗಿ ಹರಡುತ್ತದೆ. ಇಲ್ಲೊಂದು ಮೋಸ ಇದೆ. ಗಟ್ಟಿ ಇಟ್ಟಿಗೆ ಗೋಡೆಯಲ್ಲೂ ಅಲ್ಲಲ್ಲಿ ಪೊಳ್ಳು ಸದ್ದು ಬರುತ್ತದೆ. ಅಲ್ಲಿ ಗಿಲಾವು ಇಟ್ಟಿಗೆಯನ್ನು ಬಿಟ್ಟಿದೆ ಅಂತ ಅರ್ಥ. ಹಾಗಿದ್ದಲ್ಲಿ ಪೊಳ್ಳು ಅಡ್ಡಾದಿಡ್ಡಿ ಆಕಾರದಲ್ಲಿ ಸಿಗುತ್ತದೆ, ಒತ್ತಿದರೆ ಕೆಲವೊಮ್ಮೆ ಚರಚರ ಅನ್ನುತ್ತದೆ. ಅಲ್ಲಿ ತೂತು ಹೊಡೆದರೆ ಅಂಗೈ ಅಗಲದ ಗಿಲಾವು ಉದುರುತ್ತದೆ. ಪೆನ್ಸಿಲ್ಲಿನಿಂದ ಸುತ್ತು ಗುರುತು ಹಾಕಿ, ಆ ಜಾಗ ಬಿಟ್ಟುಬಿಡಿ.

ಜಿಪ್ಸಮ್ ಪಾರ್ಟಿಷನ್ ಒಳಗಿನ ಪಟ್ಟಿ ಹುಡುಕೋದು ಹೇಗೆ?

ಇಲ್ಲಿ ಆಯಸ್ಕಾಂತವೇ ಎಲ್ಲಕ್ಕಿಂತ ಒಳ್ಳೆಯದು. ನಮ್ಮಲ್ಲಿ ಈ ಪಾರ್ಟಿಷನ್‌ಗಳ ಒಳಗೆ ಮರದ ಬದಲು ತೆಳು ಸತುವು ಲೇಪಿಸಿದ ಉಕ್ಕಿನ ಪಟ್ಟಿ ಇರುತ್ತದೆ. ಕೆಲಸದವರು ಸ್ಟಡ್ ಅಂತಲೂ ಚಾನೆಲ್ ಅಂತಲೂ ಕರೆಯುತ್ತಾರೆ. ಸಾಮಾನ್ಯವಾಗಿ 2 ಅಡಿಗೆ ಒಂದು ನಿಲ್ಲಿಸುತ್ತಾರೆ, ಗಟ್ಟಿ ಬೇಕಾದಲ್ಲಿ ಇನ್ನೂ ಹತ್ತಿರ. ಅದರ ಮೇಲೆ 12.5 ಎಂಎಂ ದಪ್ಪದ ಹಲಗೆ, ಹಲಗೆ ಹಿಡಿಯಲು ಸ್ಕ್ರೂಗಳು.

ಫ್ರಿಜ್ಜಿನ ಮೇಲಿನ ಸ್ಟಿಕರ್ ಆಯಸ್ಕಾಂತ ಸಾಲದು, ಅದು ದುರ್ಬಲ. ಹಳೇ ಸ್ಪೀಕರಿನದು, ಕೆಟ್ಟ ಹಾರ್ಡ್ ಡಿಸ್ಕಿನದು, ಪರ್ಸು-ಬ್ಯಾಗಿನ ಗುಂಡಿಯದು ಚೆನ್ನಾಗಿ ಹಿಡಿಯುತ್ತದೆ. ಅದನ್ನು ಒಂದು ದಾರಕ್ಕೆ ಕಟ್ಟಿ, ಗೋಡೆಗೆ ತಾಗುವ ಹಾಗೆ ತೂಗುಬಿಟ್ಟು, ಅಡ್ಡಕ್ಕೆ ನಿಧಾನ ಸಾಗಿಸಿ. ಸ್ಕ್ರೂ ಇರುವಲ್ಲಿ ಆಯಸ್ಕಾಂತ ಗೋಡೆ ಕಡೆ ಎಳೆದುಕೊಂಡು ನಿಲ್ಲುತ್ತದೆ. ಬಣ್ಣಕ್ಕೆ ಗೀರು ಬೀಳದಂತೆ ತೆಳು ಬಟ್ಟೆ ಸುತ್ತಿ.

ಒಂದು ಸ್ಕ್ರೂ ಸಿಕ್ಕಿತು ಅಂತ ಅಲ್ಲೇ ತೂತು ಹೊಡೆಯಬೇಡಿ. ಅದರ ನೇರ ಮೇಲೆ, ನೇರ ಕೆಳಗೆ ಹುಡುಕಿ. 8ರಿಂದ 12 ಇಂಚಿನ ಅಂತರದಲ್ಲಿ ಇನ್ನೂ ಎರಡು ಮೂರು ಸಿಗಬೇಕು. ಎಲ್ಲ ಒಂದೇ ಕಂಬದ ಗೆರೆಯಲ್ಲಿ ಬಂದರೆ ಅದು ಪಟ್ಟಿ. ಆಮೇಲೆ ಅಲ್ಲಿಂದ ಬಲಕ್ಕೆ 2 ಅಡಿ ಅಳೆದು ಮತ್ತೆ ಆಯಸ್ಕಾಂತ ಹಿಡಿಯಿರಿ. ಅಲ್ಲೂ ಸಾಲು ಸಿಕ್ಕರೆ ಲೆಕ್ಕ ಸರಿ. ಬಾಗಿಲು ಇದ್ದರೆ ಚೌಕಟ್ಟಿನ ಎರಡೂ ಪಕ್ಕ ಪಟ್ಟಿ ಇದ್ದೇ ಇರುತ್ತದೆ, ಅಲ್ಲಿಂದ ಶುರು ಮಾಡಿದರೆ ಸುಲಭ.

ಆಯಸ್ಕಾಂತ ಇಲ್ಲದಿದ್ದರೆ ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಗೋಡೆಗೆ ಒತ್ತಿ, ಬೆಳಕು ಗೋಡೆಯ ಮೇಲೇ ಉದ್ದಕ್ಕೆ ಹರಿಯುವಂತೆ ಹಿಡಿಯಿರಿ. ಸ್ಕ್ರೂ ತಲೆ ಮುಚ್ಚಿದ ಪುಟ್ಟಿಯ ಸಣ್ಣ ಉಬ್ಬು, ಹಲಗೆ-ಹಲಗೆ ಕೂಡಿದ ಗೆರೆ ನೆರಳಾಗಿ ಕಾಣುತ್ತದೆ. ಹಲಗೆಗಳು ನಿಂತಗೆರೆಯಲ್ಲಿ ಕೂಡುವುದು ಯಾವಾಗಲೂ ಪಟ್ಟಿಯ ಮೇಲೇ.

ಪಟ್ಟಿ ಸಿಕ್ಕಿತು. ಅಲ್ಲಿಗೆ 43 ಇಂಚಿನ ಟಿವಿ ಹಾಕಬಹುದಾ?

ಗೋಡೆಗೆ ಅಂಟಿಕೊಂಡು ಕೂರುವ ಬ್ರಾಕೆಟ್ ಆದರೆ, ಎರಡು ಪಟ್ಟಿಗೆ ಭಾರ ಹಂಚಿ ಹಾಕಬಹುದು. ಮುಂದಕ್ಕೆ ಎಳೆದು ತಿರುಗಿಸುವ ತೋಳಿನ ಬ್ರಾಕೆಟ್ ಬೇಡ. ಒಳಗಿನ ಉಕ್ಕಿನ ಪಟ್ಟಿ ತುಂಬ ತೆಳು ತಗಡು. ಟಿವಿ ಮುಂದೆ ಬಂದಷ್ಟೂ ಮೇಲಿನ ಸ್ಕ್ರೂಗಳ ಮೇಲೆ ಎಳೆತ ಜಾಸ್ತಿ ಆಗಿ ತಗಡಿನ ತೂತು ಅಗಲವಾಗುತ್ತದೆ. ಪಾರ್ಟಿಷನ್ ಇನ್ನೂ ಕಟ್ಟುತ್ತಿದ್ದಾರೆ ಅಂದರೆ ಟಿವಿ ಬರುವ ಜಾಗದಲ್ಲಿ ಒಳಗೊಂದು ದಪ್ಪ ಪ್ಲೈವುಡ್ ಹಾಕಲು ಈಗಲೇ ಹೇಳಿ. ಆಗಲೇ ಕಟ್ಟಿ ಮುಗಿದಿದ್ದರೆ, ನನ್ನನ್ನು ಕೇಳಿದರೆ ಟಿವಿಯನ್ನು ಮೇಜಿನ ಮೇಲೇ ಇಡಿ.

ಮೊಬೈಲಿನ ಆ್ಯಪ್ ನಂಬಬಹುದಾ?

ದಿಕ್ಸೂಚಿ ಇರುವ ಫೋನಿನಲ್ಲಿ ಕಾಂತಕ್ಷೇತ್ರ ಅಳೆಯುವ ಸಣ್ಣ ಸೆನ್ಸರ್ ಇರುತ್ತದೆ. ಲೋಹ ಹುಡುಕುವ ಆ್ಯಪ್‌ಗಳು ಅದನ್ನೇ ಬಳಸುತ್ತವೆ. ಸುಮ್ನೆ ಗಾಳಿಯಲ್ಲಿ ಹಿಡಿದಾಗ ಭೂಮಿಯ ಕಾಂತಕ್ಷೇತ್ರದಿಂದ 40 ಮೈಕ್ರೋಟೆಸ್ಲಾ ಹತ್ತಿರದ ಅಂಕಿ ಬರುತ್ತದೆ. ಕಬ್ಬಿಣದ ಹತ್ತಿರ ಬಂದಾಗ ಅಂಕಿ ಏರುತ್ತದೆ ಇಲ್ಲವೇ ಇಳಿಯುತ್ತದೆ. ಪಿಲ್ಲರಿನ ಸರಳು, ಜಿಪ್ಸಮ್ ಒಳಗಿನ ಪಟ್ಟಿ, ಹಳೇ ಕಬ್ಬಿಣದ ನೀರಿನ ಪೈಪು ಇದರಿಂದ ತಕ್ಕಮಟ್ಟಿಗೆ ಸಿಗುತ್ತವೆ. ಸೆನ್ಸರ್ ಹೆಚ್ಚಿನ ಫೋನುಗಳಲ್ಲಿ ಮೇಲ್ಭಾಗದಲ್ಲಿ ಇರುತ್ತದೆ. ಒಂದು ಚಾವಿಯನ್ನು ಫೋನಿನ ಸುತ್ತ ಆಡಿಸಿದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಆಯಸ್ಕಾಂತದ ಕವರ್ ಇದ್ದರೆ ತೆಗೆಯಿರಿ.

ಆದರೆ ಒಂದು ಮಾತು ದಯವಿಟ್ಟು ನೆನಪಿಡಿ. ಕರೆಂಟಿನ ತಂತಿ ತಾಮ್ರದ್ದು, ಅದರ ಪೈಪು ಪ್ಲಾಸ್ಟಿಕ್ಕಿನದು. ಫೋನಿಗೂ ಆಯಸ್ಕಾಂತಕ್ಕೂ ಅದು ಕಾಣುವುದಿಲ್ಲ. "ಆ್ಯಪ್ ಏನೂ ತೋರಿಸಲಿಲ್ಲ, ಅಂದರೆ ವೈರ್ ಇಲ್ಲ" ಅಂತ ಯಾವತ್ತೂ ಅಂದುಕೊಳ್ಳಬೇಡಿ.

ಹಾಗಾದರೆ ವೈರ್ ಎಲ್ಲಿ ಹೋಗಿದೆ ಅಂತ ತಿಳಿಯೋದು ಹೇಗೆ?

ಈ ಪ್ರಶ್ನೆಗೆ ಉತ್ತರ ಓದದೆ ಡ್ರಿಲ್ ಕೈಗೆ ತೆಗೆದುಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಹರಿಯುವುದು 230 ವೋಲ್ಟ್. ಒದ್ದೆ ಕಾಲು, ಲೋಹದ ಮೈ ಇರುವ ಹಳೇ ಡ್ರಿಲ್, ಗೋಡೆಯೊಳಗಿನ ಜೀವಂತ ವೈರ್ ಮೂರೂ ಸೇರಿದರೆ ಪ್ರಾಣವೇ ಹೋಗಬಹುದು.

ಗೋಡೆಯಲ್ಲಿರುವ ಪ್ರತಿಯೊಂದು ಸ್ವಿಚ್ ಬೋರ್ಡು, ಪ್ಲಗ್ ಪಾಯಿಂಟು, ಗೋಡೆ ದೀಪ ನೋಡಿ. ಬೋರ್ಡಿನಿಂದ ಪೈಪು ಸಾಮಾನ್ಯವಾಗಿ ನೇರ ಮೇಲೆ ಸ್ಲ್ಯಾಬಿನ ಕಡೆ ಹೋಗಿರುತ್ತದೆ. ಕೆಳಗಿನ ಪ್ಲಗ್ಗಿಗೆ ಮೇಲಿನ ಬೋರ್ಡಿನಿಂದ ನೇರ ಕೆಳಗೆ ಇಳಿದಿರುತ್ತದೆ. ಅಕ್ಕಪಕ್ಕದ ಎರಡು ಬೋರ್ಡುಗಳ ನಡುವೆ ಅಡ್ಡವಾಗಿಯೂ ಹೋಗಿರಬಹುದು. ಅದಕ್ಕೆ ಪ್ರತಿ ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ, ಎಡ, ಬಲ, ಅದರ ಅಗಲದ ಆಚೆ ಈಚೆ 6-6 ಇಂಚು ಸೇರಿಸಿ ಪಟ್ಟಿ ಎಳೆದುಕೊಳ್ಳಿ. ಆ ಪಟ್ಟಿಯೊಳಗೆ ತೂತು ಬೇಡ. ಗೋಡೆಯ ಹಿಂಬದಿಯ ಕೋಣೆಯಲ್ಲೂ ಇದೇ ಲೆಕ್ಕ. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಆ ಕಡೆಯ ಬೋರ್ಡಿನ ಪೈಪು ಈ ಕಡೆಯ ಡ್ರಿಲ್ಲಿಗೆ ಸಿಗುವುದು ಅಪರೂಪವಲ್ಲ.

ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ನೋಡಿ. ಗೋಡೆ ಕೊರೆದು ಪೈಪು ಹಾಕಿ ಮುಚ್ಚಿದ ಗೆರೆ ಎಷ್ಟೋ ಸಲ ತೆಳುವಾಗಿ ಕಾಣುತ್ತದೆ.

ಆ ಕೋಣೆಯ ಎಂಸಿಬಿ (ಮೇನ್ ಬೋರ್ಡಿನಲ್ಲಿರುವ ಸ್ವಿಚ್) ಆರಿಸಿ, ಅಲ್ಲಿನ ಪ್ಲಗ್ ಸತ್ತಿದೆ ಅಂತ ದೀಪ ಹಾಕಿ ನೋಡಿ. ಡ್ರಿಲ್ಲಿಗೆ ಬೇರೆ ಕೋಣೆಯಿಂದ ಎಕ್ಸ್‌ಟೆನ್ಷನ್ ಎಳೆಯಿರಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿ. ಇದು ಬಹಳ ಜನ ಮರೆಯುವ ವಿಷಯ. ಮೇನ್ ಆರಿಸಿದ ಕ್ಷಣ ಇನ್ವರ್ಟರ್ ತಾನಾಗಿ ಶುರುವಾಗಿ ಫ್ಯಾನು-ದೀಪದ ವೈರುಗಳಿಗೆ 230 ವೋಲ್ಟನ್ನೇ ಕಳಿಸುತ್ತದೆ. ಜೆಸ್ಕಾಂ ಕರೆಂಟ್ ಹೋದಾಗ ತೂತು ಹೊಡೆದರಾಯಿತು ಅನ್ನುವ ಯೋಚನೆಯೂ ಬೇಡ. ಬ್ಯಾಟರಿ ಡ್ರಿಲ್ ಇರಲಿ, ಸುತ್ತಿಗೆ ಇರಲಿ, ಕರೆಂಟ್ ಯಾವ ಗಳಿಗೆಯಲ್ಲಿ ವಾಪಸ್ ಬರುತ್ತದೆ ಅಂತ ಹೇಳಲಾಗದು.

ಸ್ಕ್ರೂಡ್ರೈವರ್ ಥರದ ಟೆಸ್ಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಮುಟ್ಟಿದ ಲೋಹದಲ್ಲಿ ಕರೆಂಟ್ ಇದೆಯಾ ಅಂತ ಹೇಳುತ್ತದೆ, ಗೋಡೆಯೊಳಗಿನದನ್ನು ಅಲ್ಲ.

ನೀರಿನ ಪೈಪು?

ಬಚ್ಚಲು, ಅಡುಗೆ ಮನೆ ಮತ್ತು ಅವುಗಳ ಬೆನ್ನಿಗಿರುವ ಗೋಡೆಯಲ್ಲಿ ಎಚ್ಚರ. ನಲ್ಲಿ, ಶವರ್, ಗೀಸರ್ ಪಾಯಿಂಟುಗಳ ನೇರ ಮೇಲೆ-ಕೆಳಗೆ ಮತ್ತು ಒಂದರಿಂದ ಇನ್ನೊಂದಕ್ಕೆ ಅಡ್ಡ ಗೆರೆ ಬಿಡಿ. ಗೀಸರ್ ಚಾಲೂ ಮಾಡಿ ಬಿಸಿ ನೀರನ್ನು ಸ್ವಲ್ಪ ಹೊತ್ತು ಹರಿಸಿ ಗೋಡೆಯನ್ನು ಅಂಗೈಯಿಂದ ಸವರಿ. ಬಿಸಿ ನೀರಿನ ಪೈಪು ಮೇಲ್ಪದರದಲ್ಲಿದ್ದರೆ ಬೆಚ್ಚನೆಯ ಗೆರೆ ಕೈಗೆ ಸಿಗುತ್ತದೆ.

ಪಿಲ್ಲರ್ ಎಲ್ಲಿದೆ ಅಂತ ಹೊರಗಿನಿಂದ ಕಾಣುತ್ತಿಲ್ಲ. ಉಪಾಯ ಇದೆಯಾ?

ಇದೆ, ಮಾಳಿಗೆ ಹತ್ತಿ. ಮುಂದೆ ಇನ್ನೊಂದು ಅಂತಸ್ತು ಎಬ್ಬಿಸಬಹುದು ಅಂತ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸರಳುಗಳನ್ನು ಮೇಲಕ್ಕೆ ಬಿಟ್ಟಿರುತ್ತಾರೆ. ಆ ಸರಳಿನ ಗುಂಪು ಇರುವಲ್ಲೇ ಕೆಳಗೆ ಪಿಲ್ಲರ್. ಹೊರಗಿನ ಮೂಲೆಯಿಂದ ಸರಳಿಗೆ ಎಷ್ಟು ದೂರ ಅಂತ ಅಳೆಯಿರಿ, ಕೆಳಗೆ ಬಂದು ಹೊರಗೋಡೆಯ ದಪ್ಪ ಕಳೆದು ಒಳಗೆ ಗುರುತು ಹಾಕಿ. ಕೆಳಗೆ ಗಾಡಿ ನಿಲ್ಲಿಸುವ ಜಾಗ ಇರುವ ಮನೆಯಾದರೆ ಅಲ್ಲಿ ಪಿಲ್ಲರುಗಳು ಕಣ್ಣಿಗೇ ಕಾಣುತ್ತವೆ, ಅಲ್ಲಿಂದ ಅಳೆದರೂ ಆಯಿತು. ಪಿಲ್ಲರ್ ಮತ್ತು ಇಟ್ಟಿಗೆ ಕೂಡುವಲ್ಲಿ ನೆಲದಿಂದ ಮೇಲಕ್ಕೆ ಕೂದಲೆಳೆಯ ಬಿರುಕು ಬಿಟ್ಟಿರುವುದೂ ಸಾಮಾನ್ಯ.

ಪಿಲ್ಲರಿಗೆ ಸಣ್ಣ ಸ್ಕ್ರೂ ಹಾಕಿದರೆ ತೊಂದರೆ ಇಲ್ಲ. ಸರಳಿನ ಮೇಲೆ ಸುಮಾರು 40 ಎಂಎಂ ಕಾಂಕ್ರೀಟ್ ಇರಬೇಕು ಅನ್ನುವುದು ನಿಯಮ, ಅದರ ಮೇಲೆ ಗಿಲಾವು. ಡ್ರಿಲ್ ಕಬ್ಬಿಣಕ್ಕೆ ತಾಗಿ ಕಿರುಗುಟ್ಟಿದರೆ ಅಲ್ಲಿಗೆ ನಿಲ್ಲಿಸಿ, ಒಂದಿಂಚು ಪಕ್ಕಕ್ಕೆ ಸರಿಯಿರಿ. ಸರಳನ್ನು ಕೊರೆಯುವ ಹಟ ಬೇಡ. ಮನೆ ನಿಂತಿರುವುದು ಅದರ ಮೇಲೆ.

ಕಿಟಕಿ ಮೇಲೆ ಪರದೆ ರಾಡ್ ಹಾಕಲು ಹೋದರೆ ಡ್ರಿಲ್ ಒಳಗೆ ಹೋಗುತ್ತಲೇ ಇಲ್ಲ.

ಅಲ್ಲಿ ಲಿಂಟಲ್ ಇದೆ. ಕಿಟಕಿ-ಬಾಗಿಲಿನ ಮೇಲೆ, ನೆಲದಿಂದ ಸುಮಾರು 7 ಅಡಿ ಎತ್ತರದಲ್ಲಿ ಕಾಂಕ್ರೀಟಿನ ಅಡ್ಡ ಪಟ್ಟಿ ಹಾಕಿರುತ್ತಾರೆ, ಎತ್ತರ ಸಾಮಾನ್ಯವಾಗಿ 6 ಇಂಚು. ಕಿಟಕಿಯ ಅಂಚಿನಿಂದ ಆಚೆಗೂ 6-9 ಇಂಚು ಹೋಗಿರುತ್ತದೆ. ಎಷ್ಟೋ ಮನೆಗಳಲ್ಲಿ ಸುತ್ತ ಪೂರ್ತಿ ಹಾಕಿರುತ್ತಾರೆ. ಸಾದಾ ಡ್ರಿಲ್ ಅಲ್ಲಿ ಸೋಲುತ್ತದೆ. ಬಡಿಯುತ್ತಾ ತಿರುಗುವ ಹ್ಯಾಮರ್ ಡ್ರಿಲ್ ತಂದು, ಹೊಸ 6 ಎಂಎಂ ಬಿಟ್ ಹಾಕಿ. ಪರದೆಗೆ ಒಂದೂಕಾಲು ಇಂಚು ಆಳ ಸಾಕು. ಇಲ್ಲವಾದರೆ ಬ್ರಾಕೆಟ್ಟನ್ನು ಲಿಂಟಲ್ಲಿನ ಮೇಲಿನ ಇಟ್ಟಿಗೆಗೆ ಏರಿಸಿ.

ಹಳೇ ಮನೆಯಲ್ಲಿ ಲಿಂಟಲ್ ಜಾಗದಲ್ಲಿ ಶಹಾಬಾದ್ ಪರ್ಸಿ (ಕಲ್ಲಿನ ಚಪ್ಪಡಿ) ಅಥವಾ ಮರದ ಹಲಗೆ ಇರಬಹುದು. ಮರ ಆದರೆ ಅದೃಷ್ಟ, ಮರದ ಸ್ಕ್ರೂ ನೇರ ಹಾಕಿ. ಪರ್ಸಿ ಆದರೆ ಅದರ ಅಂಚಿಗೆ ಮಾತ್ರ ಕೈ ಹಾಕಬೇಡಿ, ಪದರ ಪದರವಾಗಿ ಸೀಳುತ್ತದೆ.

ನಮ್ಮದು ಕಲ್ಲು-ಮಣ್ಣಿನ ಹಳೇ ಮನೆ. ಸ್ಕ್ರೂ ನಿಲ್ಲೋದೇ ಇಲ್ಲ.

ಈ ಗೋಡೆಗಳ ರಚನೆ ತಿಳಿದರೆ ಕಾರಣ ಗೊತ್ತಾಗುತ್ತದೆ. ಎರಡಡಿ ದಪ್ಪದ ಗೋಡೆ ಅಂದರೆ ಒಳಗೆ ಪೂರ್ತಿ ಕಲ್ಲಲ್ಲ. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು ಕಲ್ಲು, ನಡುವೆ ಚೂರು ಕಲ್ಲು ಮತ್ತು ಮಣ್ಣು. ಎರಡೂ ಸಾಲನ್ನು ಕಟ್ಟಿ ಹಿಡಿಯುವ ಉದ್ದ ಕಲ್ಲು ಎಲ್ಲ ಕಡೆ ಇಟ್ಟಿರುವುದಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದಲ್ಲಿ ಅಷ್ಟು ಜನ ಸತ್ತಿದ್ದಕ್ಕೆ ಇಂಥ ಗೋಡೆಗಳು ಮತ್ತು ಅವುಗಳ ಮೇಲಿನ ಭಾರದ ಮಣ್ಣಿನ ಮಾಳಿಗೆ ದೊಡ್ಡ ಕಾರಣ. ನಮ್ಮ ಆಳಂದ, ಬಸವಕಲ್ಯಾಣದ ಕಡೆಯವರಿಗೆ ಆ ನಡುಕ ಗೊತ್ತು. ಹಾಗಾಗಿ ಈ ಗೋಡೆಗೆ ದೊಡ್ಡ ಹ್ಯಾಮರ್ ಡ್ರಿಲ್ ಹಚ್ಚಬಾರದು. ಒಂದು ಕಲ್ಲು ಅಲುಗಿದರೆ ಸುತ್ತಲಿನ ಮಣ್ಣು ಸಡಿಲವಾಗುತ್ತದೆ.

ಮೊದಲು ಕಲ್ಲು ಹುಡುಕಿ. ತೆಳು ಮೊಳೆಯನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಹಳೇ ಗಿಲಾವು ಒಂದಿಂಚಿಗಿಂತ ಜಾಸ್ತಿಯೂ ಇರಬಹುದು. ಅಷ್ಟು ಹೋಗಿ ಟಣ್ ಅಂತ ನಿಂತರೆ ಕಲ್ಲು. ಎರಡು ಇಂಚು ಸಲೀಸಾಗಿ ಹೋದರೆ ಸಂದು. ಕಲ್ಲು ಸಿಕ್ಕ ಮೇಲೆ ಅದರ ನಾಲ್ಕು ಅಂಚನ್ನೂ ಹಾಗೇ ಗುರುತಿಸಿ, ನಡುಮಧ್ಯದಲ್ಲಿ ಬಡಿತ ಇಲ್ಲದೆ ಬರೀ ತಿರುಗುವ ಡ್ರಿಲ್ಲಿನಿಂದ ನಿಧಾನ ಕೊರೆಯಿರಿ.

ಹಿರಿಯರು ಈ ಮನೆಗಳಿಗೆ ಕಟ್ಟುವಾಗಲೇ ಮರದ ಗೂಟ ಇಡುತ್ತಿದ್ದರು. ಬಣ್ಣದ ಪದರದ ಕೆಳಗೆ ಇನ್ನೂ ಇದ್ದೀತು, ಹುಡುಕಿ. ಮರದ ಕಂಬ, ತೊಲೆ, ಚೌಕಟ್ಟು ಇದ್ದರೆ ಗೋಡೆಗಿಂತ ಅವೇ ವಾಸಿ. ಚಾಕುವಿನ ತುದಿ ಒತ್ತಿ ನೋಡಿ. ಸುಲಭವಾಗಿ ಇಳಿದರೆ ಗೆದ್ದಲು ತಿಂದಿದೆ, ಬಿಡಿ.

ಶಹಾಬಾದ್ ಕಲ್ಲು, ಬೀದರಿನ ಕೆಂಪು ಕಲ್ಲು, ಯಾದಗಿರಿಯ ಬಂಡೆ: ಎಲ್ಲಕ್ಕೂ ಒಂದೇ ವಿಧಾನ ನಡೆಯುತ್ತದಾ?

ಇಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದಿದ್ದು ಇದೇ ಕಲ್ಲಿಗಾಗಿ. ನೋಡಲು ಗಟ್ಟಿ, ಆದರೆ ಡ್ರಿಲ್ಲಿಗೆ ಚೆನ್ನಾಗಿ ಬಗ್ಗುತ್ತದೆ. ಅಂಚಿನಿಂದ ಮೂರು ಬೆರಳಾದರೂ ಒಳಗೆ ಕೊರೆದರೆ, ಒಳ್ಳೆಯ ಪ್ಲಗ್ (ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಪ್ಲಾಸ್ಟಿಕ್ ನಳಿಕೆ) ಹಾಕಿದರೆ, ತುಂಬ ವರ್ಷ ನಿಲ್ಲುತ್ತದೆ.

ಬೀದರ್‌ನದು ಜಂಬಿಟ್ಟಿಗೆ. ಕೋಟೆಗೆ ಬಳಸಿದ್ದೂ ಇದನ್ನೇ, ನೆಲದಡಿಯ ಕರೇಜ್ ನೀರಿನ ಸುರಂಗ ಕೊರೆದದ್ದೂ ಇದರಲ್ಲೇ. ಮೈತುಂಬ ಸಣ್ಣ ತೂತುಗಳಿರುವ ಕಲ್ಲು. ಡ್ರಿಲ್ ಸರಕ್ಕನೆ ಹೋಗುತ್ತದೆ, ತೂತು ಬೇಕಾದ್ದಕ್ಕಿಂತ ದೊಡ್ಡದಾಗುತ್ತದೆ. ಅದಕ್ಕೆ ಬಿಟ್ ಒಂದು ಅಳತೆ ಚಿಕ್ಕದು ತೆಗೆದುಕೊಳ್ಳಿ, ಪ್ಲಗ್ ಉದ್ದದ್ದು ಹಾಕಿ, ಬಡಿತ ಆರಿಸಿ.

ಯಾದಗಿರಿ, ಶಹಾಪುರ, ಸುರಪುರದ ಗುಡ್ಡದ ಬಂಡೆ ಗ್ರಾನೈಟ್. ಅಲ್ಲಿ ಮೊಂಡು ಬಿಟ್ ಬರೀ ಬಿಸಿಯಾಗುತ್ತದೆ. ಹ್ಯಾಮರ್ ಡ್ರಿಲ್, ಹೊಸ ಬಿಟ್, ನಡುನಡುವೆ ಬಿಡುವು. ಸಿಮೆಂಟಿನಲ್ಲಿ ಕಟ್ಟಿದ ಗೋಡೆಗೆ ಮಾತ್ರ ಈ ಮಾತು.

ಬ್ಲಾಕಿನ ಗೋಡೆಯಲ್ಲಿ ಪ್ಲಗ್ ಸುಮ್ನೆ ತಿರುಗುತ್ತದೆ.

ಪೊಳ್ಳು ಬ್ಲಾಕಿನ ಖಾಲಿ ಭಾಗಕ್ಕೆ ತೂತು ಬಿದ್ದಿದೆ. ಮುಂದಿನ ಗೋಡೆ ಒಂದಿಂಚು ಚಿಲ್ಲರೆ, ಆಮೇಲೆ ಗಾಳಿ. 16 ಇಂಚು ಉದ್ದದ ಬ್ಲಾಕಿನಲ್ಲಿ ಎರಡು ತುದಿ ಮತ್ತು ನಡುವಿನ ಗೋಡೆ ಮಾತ್ರ ಗಟ್ಟಿ. ಎರಡೆರಡು ಇಂಚಿಗೆ ತಟ್ಟುತ್ತಾ ಹೋದರೆ ಸುಮಾರು 8 ಇಂಚಿಗೊಮ್ಮೆ ಗಟ್ಟಿ ಸದ್ದು ಬರಬೇಕು. ಅಲ್ಲಿ ಹಾಕಿ. ಜಾಗ ಬದಲಿಸಲು ಆಗದಿದ್ದರೆ ಒಳಗೆ ಹೋಗಿ ರೆಕ್ಕೆ ಬಿಚ್ಚುವ ಬಟರ್‌ಫ್ಲೈ ಬೋಲ್ಟ್ ಕೇಳಿ ತನ್ನಿ.

ತೂಕವೇ ಇಲ್ಲದ ಬಿಳಿ-ಬೂದಿ ಎಎಸಿ ಬ್ಲಾಕ್ ಆದರೆ ಪೊಳ್ಳು ಇರುವುದಿಲ್ಲ, ಆದರೆ ಮೆತ್ತಗೆ. ಉಗುರಿನಿಂದ ಗೀರಿದರೂ ಪುಡಿ ಬರುತ್ತದೆ. ಅದಕ್ಕೆಂದೇ ಮಾಡಿದ ಅಗಲ ಹಲ್ಲಿನ ಪ್ಲಗ್ ಸಿಗುತ್ತದೆ, ಅದನ್ನೇ ಹಾಕಿ.

ತೂತು ಹೊಡೆಯುವಾಗ ಒಳಗಿನದು ಹೇಗೆ ಗೊತ್ತಾಗುತ್ತದೆ?

ಪುಡಿ ನೋಡಿ. ತೂತಿನ ಕೆಳಗೆ ಮಡಚಿದ ಹಾಳೆ ಅಂಟಿಸಿದರೆ ನೆಲವೂ ಕೊಳೆಯಾಗದು, ಪುಡಿಯೂ ಕೈಗೆ ಸಿಗುತ್ತದೆ. ಮೊದಲು ಬರುವ ಬೂದಿ ಬಣ್ಣದ ಮರಳು ಪುಡಿ ಗಿಲಾವು, ಒಳಗೋಡೆಯಲ್ಲಿ ಅದು ಅರ್ಧ ಇಂಚಿನಷ್ಟು. ಆಮೇಲೆ ನುಣುಪು ಕೆಂಪು ಬಂದರೆ ಇಟ್ಟಿಗೆ. ತರಿತರಿ ಕಂದು-ಕೆಂಪು ಬಂದರೆ ಜಂಬಿಟ್ಟಿಗೆ. ಹಿಟ್ಟಿನಂಥ ತಿಳಿ ಬೂದಿ ಬಂದರೆ ಶಹಾಬಾದ್ ಕಲ್ಲು. ಬೂದಿಯೇ ಮುಂದುವರಿದು ಡ್ರಿಲ್ ನಿಧಾನವಾದರೆ ಕಾಂಕ್ರೀಟು. ಮಣ್ಣು ಬಂದರೆ ಸಂದು, ನಿಲ್ಲಿಸಿ. ಹೊಳೆಯುವ ಲೋಹದ ಚೂರು ಬಂದರೆ ಸರಳು ಅಥವಾ ಪೈಪು, ಅದಕ್ಕಿಂತ ಮೊದಲೇ ನಿಲ್ಲಿಸಬೇಕಿತ್ತು. ಬಿಳಿ ಪ್ಲಾಸ್ಟಿಕ್ ಸುರುಳಿ ಕಂಡರೆ ಡ್ರಿಲ್ ತೆಗೆದು, ಎಂಸಿಬಿ ಆರಿಸಿದ್ದೀರಾ ಅಂತ ಮತ್ತೆ ನೋಡಿ, ಎಲೆಕ್ಟ್ರಿಷಿಯನ್‌ಗೆ ಹೇಳಿ.

ಗಿಲಾವಿನ ದಪ್ಪವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪ್ಲಗ್ ಪೂರ್ತಿ ಇಟ್ಟಿಗೆ-ಕಲ್ಲಿನೊಳಗೆ ಇರಬೇಕು. 40 ಎಂಎಂ ಪ್ಲಗ್ಗಿಗೆ 55 ಎಂಎಂ ಕೊರೆಯಿರಿ, ಬಿಟ್ಟಿಗೆ ಆ ಅಳತೆಯಲ್ಲಿ ಟೇಪ್ ಸುತ್ತಿಕೊಳ್ಳಿ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ.

ಗೀಸರ್, ಕೂಲರ್ ಯಾವ ಗೋಡೆಗೆ ಹಾಕಬಹುದು?

ನೀರಿನ ತೂಕ ಕೂಡಿಸಿ. ಒಂದು ಲೀಟರಿಗೆ ಒಂದು ಕೆಜಿ. 15 ಲೀಟರ್ ಗೀಸರ್ ಅಂದರೆ ಅದರ ಸ್ವಂತ ತೂಕದ ಮೇಲೆ 15 ಕೆಜಿ ನೀರು. 9 ಇಂಚಿನ ಇಟ್ಟಿಗೆ ಗೋಡೆಗೆ ಆಂಕರ್ ಬೋಲ್ಟ್ ಹಾಕಿದರೆ ನಡೆಯುತ್ತದೆ. ಪೊಳ್ಳು ಬ್ಲಾಕಿಗೆ, ಜಿಪ್ಸಮ್ಮಿಗೆ ಬೇಡ.

ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಕಿಟಕಿ ಕೂಲರ್ ಬೇಕೇ ಬೇಕು. 50 ಲೀಟರ್ ತೊಟ್ಟಿ ತುಂಬಿದರೆ ನೀರೇ 50 ಕೆಜಿ, ಮೇಲೆ ಮೋಟರಿನ ಅದುರು, ಗೋಡೆಗೆ ಸದಾ ತೇವ. ಗೋಡೆಗೆ ಬ್ರಾಕೆಟ್ ಹೊಡೆದು ನೇತುಹಾಕುವುದು ನನಗೆ ಯಾವ ಗೋಡೆಯಲ್ಲೂ ಸರಿ ಕಾಣುವುದಿಲ್ಲ. ನೆಲಕ್ಕೆ ಕಾಲಿರುವ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ. ಮೇಲಿನ ಅಂತಸ್ತಾದರೆ ಕೆಳಗೆ ಜನ ಓಡಾಡುವ ಜಾಗ ಇದೆಯಾ ಅಂತ ಮೊದಲು ನೋಡಿ.

ಪಂಚಮಿಗೆ ಜೋಕಾಲಿ ಕಟ್ಟಲು ಫ್ಯಾನಿನ ಕೊಂಡಿ ಆಗುತ್ತದಾ?

ಆಗುವುದಿಲ್ಲ. ಆ ಕೊಂಡಿ ನೇರ ಕೆಳಗೆ ತೂಗುವ ಕೆಲವೇ ಕೆಜಿ ಫ್ಯಾನಿಗೆ ಇಟ್ಟದ್ದು. ಜೋಕಾಲಿ ಜೀಕಿದಾಗ ಕೂತವರ ತೂಕಕ್ಕಿಂತ ಜಾಸ್ತಿ ಎಳೆತ ಬೀಳುತ್ತದೆ, ಅದೂ ಹಿಂದೆ ಮುಂದೆ. ಮಕ್ಕಳಿಗೆ ಆದರೂ ಬೇಡ. ಗಟ್ಟಿ ತೊಲೆ, ಬೇವಿನ ಮರದ ಕೊಂಬೆ, ಇಲ್ಲವೇ ಸ್ಲ್ಯಾಬ್ ಹಾಕುವಾಗಲೇ ಸರಳಿಗೆ ಕಟ್ಟಿ ಬಿಟ್ಟ ದಪ್ಪ ಕೊಂಡಿ ಇರಬೇಕು.

ಗೋಡೆಯಲ್ಲಿ ಬಿರುಕು ಇದೆ. ಅದರ ಹತ್ತಿರ ಹಾಕಬಹುದಾ?

ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಇದು ಸಾಮಾನ್ಯ ಪ್ರಶ್ನೆ. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ, ಅದರ ಮೇಲಿನ ಗೋಡೆಯೂ ಜತೆಗೆ ಆಡುತ್ತದೆ. ಬಿರುಕಿನ ಎರಡೂ ಕಡೆ ಪೆನ್ಸಿಲ್ ಗೆರೆ ಎಳೆದು, ನಡುವಿನ ಅಂತರ ಮತ್ತು ತಾರೀಕು ಬರೆದಿಡಿ. ಬೇಸಿಗೆ-ಮಳೆಗಾಲಕ್ಕೆ ಅಂತರ ಬದಲಾಗುತ್ತಿದ್ದರೆ ಗೋಡೆ ಇನ್ನೂ ಚಲಿಸುತ್ತಿದೆ. ಅಲ್ಲಿಂದ ಒಂದಡಿ ದೂರ ಇರಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಬೆರಳು ಹೋಗುವಷ್ಟು ಅಗಲವಾಗಿದ್ದರೆ ತೂತಿನ ಮಾತು ಬಿಟ್ಟು ಮೊದಲು ಎಂಜಿನಿಯರಿಗೆ ತೋರಿಸಿ.

ಬಾಡಿಗೆ ಮನೆ. ಮಾಲೀಕರು ಮೊಳೆ ಹೊಡೆಯಬೇಡಿ ಅಂತಾರೆ.

ಒಂದು ಸಲ ಕೂತು ಮಾತಾಡಿ. ಸುತ್ತಿಗೆಯಿಂದ ಹೊಡೆದ ಮೊಳೆ ಗಿಲಾವು ಸೀಳುತ್ತದೆ, ಡ್ರಿಲ್ಲಿನ 6 ಎಂಎಂ ತೂತು ಸೀಳುವುದಿಲ್ಲ, ಬಿಡುವಾಗ ಪುಟ್ಟಿ ತುಂಬಿ ಬಣ್ಣ ಹಚ್ಚಿದರೆ ಕಾಣುವುದೂ ಇಲ್ಲ ಅಂತ ಹೇಳಿ ತೋರಿಸಿದರೆ ಎಷ್ಟೋ ಜನ ಒಪ್ಪುತ್ತಾರೆ. ಹಿಂದಿನವರು ಹೊಡೆದ ಹಳೇ ತೂತುಗಳನ್ನೇ ಮೊದಲು ಹುಡುಕಿ.

ಹೊಸ ಮನೆ ಕಟ್ಟಿಸುತ್ತಿದ್ದೇವೆ. ಈಗಲೇ ಏನು ಮಾಡಿದರೆ ಮುಂದೆ ಹುಡುಕಾಟ ತಪ್ಪುತ್ತದೆ?

ಗೋಡೆ ಕೊರೆದು ಕರೆಂಟು, ನೀರಿನ ಪೈಪು ಕೂರಿಸಿದ ಮೇಲೆ, ಗಿಲಾವು ಶುರುವಾಗುವ ಮುಂಚೆ, ಒಂದು ದಿನ ಬಿಡುವು ಸಿಗುತ್ತದೆ. ಅವತ್ತು ಪ್ರತಿ ಕೋಣೆಯ ನಾಲ್ಕೂ ಗೋಡೆಯ ಫೋಟೋ ತೆಗೆಯಿರಿ. ಫೋಟೋದಲ್ಲಿ ಅಳತೆ ಟೇಪ್ ನೆಲದಿಂದ ಮೇಲಕ್ಕೆ ಮತ್ತು ಮೂಲೆಯಿಂದ ಅಡ್ಡಕ್ಕೆ ಹಿಡಿದಿರಲಿ, ಅಂಕಿ ಓದಲು ಬರಬೇಕು. ಗೋಡೆಯ ಮೇಲೆ ಸೀಮೆಸುಣ್ಣದಿಂದ "ಅಡುಗೆ ಮನೆ, ಮೂಡಣ ಗೋಡೆ" ಅಂತ ಬರೆದೇ ತೆಗೆಯಿರಿ, ಇಲ್ಲದಿದ್ದರೆ ಮುಂದೆ ಎಲ್ಲ ಗೋಡೆಯೂ ಒಂದೇ ಥರ ಕಾಣುತ್ತದೆ. ಫೋನ್ ಬದಲಾದರೆ ಹೋಗುತ್ತವೆ, ಹಾಗಾಗಿ ಪ್ರಿಂಟ್ ಹಾಕಿಸಿ ಮನೆಯ ಕಾಗದಪತ್ರದ ಜತೆ ಇಡಿ. ಟಿವಿ, ಗೀಸರ್, ತೊಟ್ಟಿಲ ಕೊಂಡಿಯ ಜಾಗವನ್ನು ಗೌಂಡಿಗೆ ಆಗಲೇ ಹೇಳಿ. ಪೊಳ್ಳು ಬ್ಲಾಕಿನ ಗೋಡೆಯಾದರೆ ಆ ಜಾಗದ ಬ್ಲಾಕುಗಳಿಗೆ ಕಾಂಕ್ರೀಟ್ ತುಂಬಿಸಲು ಅವರಿಗೆ ಹತ್ತು ನಿಮಿಷದ ಕೆಲಸ.